ಮೊದಲ ಕಾದಂಬರಿ ಯಾವುದಾಗಿರಲಿ?

ಪರೀಕ್ಷೆ ಮುಗಿಸಿದ ಮಕ್ಕಳಿಗೆ ಒಂದು ಒಳ್ಳೆಯ ಕಾದಂಬರಿ ಓದಿಸಬೇಕೆಂದು ಹೊರಡುವ ಪಾಲಕರು ಎಷ್ಟೋ ಬಾರಿ ಕಪಾಟಿನಲ್ಲಿರುವ ದೊಡ್ಡ ಹೆಸರಿನ, ದಪ್ಪ ಪುಸ್ತಕವನ್ನೇ ಕೈಗಿಡುತ್ತಾರೆ. ಐವತ್ತು ಪುಟ ದಾಟುವಷ್ಟರಲ್ಲಿ ಪಾತ್ರಗಳ ಹೆಸರು ಕಲಸಿಹೋಗುತ್ತವೆ. ಪುಸ್ತಕ ಮರಳಿ ಕಪಾಟು ಸೇರುತ್ತದೆ. ‘ನಮ್ಮ ಹುಡುಗನಿಗೆ ಓದುವ ಅಭ್ಯಾಸವೇ ಇಲ್ಲ’ ಎಂಬ ದೂರು ಅಲ್ಲಿಂದ ಶುರು. ತಪ್ಪು ಹುಡುಗನದಲ್ಲ, ಪುಸ್ತಕದ್ದೂ ಅಲ್ಲ. ಕೆಳಗಿನ ಮೆಟ್ಟಿಲು ಬಿಟ್ಟು ಮೇಲಿನದಕ್ಕೆ ಕಾಲಿಡಲು ಹೇಳಿದ್ದೇ ತಪ್ಪು.

ಮೊದಲ ಮೆಟ್ಟಿಲಿಗೆ ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’ (1980) ತಕ್ಕ ಕೃತಿ. ಪುಟ ಕಡಿಮೆ, ನಗು ಹೆಚ್ಚು. ಹಾರುವ ಓತಿಯನ್ನು ಹುಡುಕಿಕೊಂಡು ಒಂದು ತಂಡ ಪಶ್ಚಿಮ ಘಟ್ಟದ ಕಾಡಿಗೆ ಹೊರಡುತ್ತದೆ. ಊರವರ ಕಣ್ಣಿಗೆ ಪೆದ್ದನಾದ ಮಂದಣ್ಣ ವಿಜ್ಞಾನಿ ಕರ್ವಾಲೋ ಕಣ್ಣಿಗೆ ಹುಟ್ಟು ಜೀವವಿಜ್ಞಾನಿ. ಅಂಕಪಟ್ಟಿಯಿಂದಲೇ ಅಳೆಸಿಕೊಂಡು ಬೇಸತ್ತ ವಿದ್ಯಾರ್ಥಿಗೆ ಈ ಮಂದಣ್ಣ ಬಹುಬೇಗ ಗೆಳೆಯನಾಗುತ್ತಾನೆ.

ಎರಡನೆಯದು ಶಿವರಾಮ ಕಾರಂತರ ‘ಚೋಮನ ದುಡಿ’ (1933). ಸ್ವಂತಕ್ಕೊಂದು ತುಂಡು ಭೂಮಿ ಉಳಬೇಕೆಂಬುದು ಚೋಮನ ಆಸೆ. ಜಾತಿ ಮತ್ತು ಸಾಲ ಎರಡೂ ಸೇರಿ ಆ ಆಸೆಯನ್ನು ಹೊಸಕಿಹಾಕುತ್ತವೆ. ಪಾಠದಲ್ಲಿ ಎರಡು ಸಾಲಿನಲ್ಲಿ ಮುಗಿಯುವ ‘ಅಸ್ಪೃಶ್ಯತೆ’ ಎಂಬ ಮಾತಿಗೆ ಇಲ್ಲಿ ಮುಖವಿದೆ, ಹಸಿವಿದೆ. ಬಿ.ವಿ. ಕಾರಂತರು 1975ರಲ್ಲಿ ತೆಗೆದ ಚಲನಚಿತ್ರವೂ ಉಂಟು. ಆದರೆ ಪುಸ್ತಕ ಮೊದಲು, ಚಿತ್ರ ಆಮೇಲೆ.

ಮೂರನೆಯದು ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ (1976). ಲೇಖಕಿಯ ಬಂಧುವೊಬ್ಬರ ನಿಜಜೀವನವೇ ಇದರ ಮೂಲ. ಬಾಲ್ಯದಲ್ಲೇ ವಿಧವೆಯಾದ ಫಣಿಯಮ್ಮ ತನ್ನ ಪಾಲಿನ ಕಷ್ಟವನ್ನು ಮಾತಿಲ್ಲದೆ ಸಹಿಸುತ್ತಾಳೆ. ಆದರೆ ತಲೆ ಬೋಳಿಸಿಕೊಳ್ಳಲಾರೆನೆಂದು ಎಳೆಯ ವಿಧವೆಯೊಬ್ಬಳು ಹಟ ಹಿಡಿದಾಗ ಅವಳ ಪರ ನಿಲ್ಲುತ್ತಾಳೆ. ಅಜ್ಜಿಯಿರುವ ಮನೆಯಲ್ಲಿ ಇದನ್ನು ಗಟ್ಟಿಯಾಗಿ ಓದಿದರೆ, ಪುಸ್ತಕದಲ್ಲಿಲ್ಲದ ಕಥೆಗಳೂ ಹೊರಬಂದಾವು.

ಪಾಲಕರೂ ಮಕ್ಕಳೂ ಜೊತೆಯಲ್ಲೇ ಓದಬೇಕಾದದ್ದು ಕಾರಂತರ ‘ಬೆಟ್ಟದ ಜೀವ’ (1943). ಸುಬ್ರಹ್ಮಣ್ಯದ ಆಸುಪಾಸಿನ ಕಾಡಿನಲ್ಲಿ ತೋಟ ಕಟ್ಟಿದ ಗೋಪಾಲಯ್ಯ, ಶಂಕರಮ್ಮ ದಂಪತಿಗಳ ಮಗ ಮನೆ ಬಿಟ್ಟು ಹೋಗಿದ್ದಾನೆ. ಹದಿನಾರರ ಹುಡುಗ ಇದರಲ್ಲಿ ಕಾಡು, ಹುಲಿ, ಬೆಟ್ಟಗಳನ್ನು ಕಾಣುತ್ತಾನೆ. ಅವನ ತಂದೆ ಮಾತ್ರ ಬಾರದ ಮಗನ ದಾರಿ ಕಾಯುವ ಮುದುಕರನ್ನು ಕಾಣುತ್ತಾನೆ. ಇಬ್ಬರೂ ಕಂಡದ್ದನ್ನು ಹೇಳಿಕೊಂಡಾಗಲೇ ಕಾದಂಬರಿ ಪೂರ್ತಿಯಾಗುವುದು.

ಇಷ್ಟಾದ ಮೇಲೆ ದೊಡ್ಡ ಕೃತಿಗಳ ಭಯವಿರದು. ಮುತ್ತುಗದ ಎಲೆ ಹಚ್ಚಿ, ಗಂಡನ ಶಾನುಭೋಗಿಕೆಯ ಲೆಕ್ಕ ಬರೆದು ಸಂಸಾರ ತೂಗಿಸುವ ನಂಜಮ್ಮನ ಕಥೆ, ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (1970), ಮೊದಲು ಬರಲಿ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಕೊನೆಗೆ. ಅದನ್ನು ಓದುವಾಗ ಮನೆತನಗಳ, ಮಂದಿಯ ಹೆಸರನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ದಾರಿ ತಪ್ಪುವುದಿಲ್ಲ. ಗುತ್ತಿಯೂ ಅವನ ನಾಯಿ ಹುಲಿಯನೂ ಒಮ್ಮೆ ಪರಿಚಯವಾದರೆ ಸಾಕು, ಮುಂದೆ ಅವರೇ ಕರೆದೊಯ್ಯುತ್ತಾರೆ.

ಪಾಲಕರಿಗೆ ಒಂದು ಕಿವಿಮಾತು. ಓದಿದ ಮಗುವಿಗೆ ‘ಸಾರಾಂಶ ಹೇಳು’ ಎಂದು ಕೇಳಬಾರದು. ಅದು ಇನ್ನೊಂದು ಪರೀಕ್ಷೆಯಾಗುತ್ತದೆ. ‘ಯಾರ ಮೇಲೆ ಸಿಟ್ಟು ಬಂತು? ಎಲ್ಲಿ ಪುಸ್ತಕ ಕೆಳಗಿಡಲಾಗಲಿಲ್ಲ?’ ಎಂದು ಊಟದ ಹೊತ್ತಿಗೆ ಕೇಳಿದರೆ ಮಾತು ತಾನಾಗಿ ಬೆಳೆಯುತ್ತದೆ. ಹಾಗೆ ಕೇಳಬೇಕಾದರೆ ತಾವೂ ಓದಿರಬೇಕು. ಈ ರಜೆಯಲ್ಲಿ ಗ್ರಂಥಾಲಯದಿಂದ ಒಂದು ಪುಸ್ತಕ ತಂದು ಮನೆಮಂದಿಯೆಲ್ಲ ಸರದಿಯಲ್ಲಿ ಓದಲಿ. ಮುಂದಿನದನ್ನು ಆರಿಸುವ ಹಕ್ಕು ಮಕ್ಕಳಿಗೇ ಇರಲಿ.