ಶೂನ್ಯ ನೆರಳಿನ ದಿನ: ಕಾಸರಗೋಡಿನಿಂದ ಸೊಲ್ಲಾಪುರದವರೆಗೆ

2019ರ ಡಿಸೆಂಬರ್ 26ರ ಬೆಳಗ್ಗೆ ಕಂಕಣ ಸೂರ್ಯಗ್ರಹಣ ನೋಡಲು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಜನ ಸೇರಿದ್ದರು. ಗ್ರಹಣದ ದಾರಿ ವಯನಾಡು, ನೀಲಗಿರಿಗಳ ಮೇಲೂ ಹಾದಿತ್ತು. ಕೇರಳಕ್ಕೆ ಮತ್ತೊಂದು ಕಂಕಣ ಗ್ರಹಣ ಬರುವುದು 2031ರ ಮೇ 21ರಂದು. ಅದೂ ಕೊಚ್ಚಿ, ಮಧುರೆ ಕಡೆಗೆ; ಕಾಸರಗೋಡಿಗೆ ಪಾರ್ಶ್ವ ಗ್ರಹಣ ಮಾತ್ರ.

ಆದರೆ ವರ್ಷಕ್ಕೆ ಎರಡು ಬಾರಿ, ತಪ್ಪದೆ, ಖರ್ಚಿಲ್ಲದೆ ನಮ್ಮ ಅಂಗಳಕ್ಕೇ ಬರುವ ಆಕಾಶದ ಕೌತುಕವೊಂದಿದೆ. ಅದೇ ಶೂನ್ಯ ನೆರಳಿನ ದಿನ. ಅಂದು ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನೇರವಾಗಿ ನಿಲ್ಲುತ್ತಾನೆ. ನೆಟ್ಟಗೆ ನಿಂತ ಕಂಬದ ನೆರಳು ಅದರ ಬುಡದಲ್ಲೇ ಅಡಗುತ್ತದೆ.

ಸೂರ್ಯ ದಿನವೂ ಮಧ್ಯಾಹ್ನ ನೆತ್ತಿಗೆ ಬರುತ್ತಾನೆಂದು ನಾವು ಹೇಳುತ್ತೇವೆ. ಅದು ಪೂರ್ತಿ ನಿಜವಲ್ಲ. ಭೂಮಿಯ ಅಕ್ಷ ಸುಮಾರು 23.5 ಡಿಗ್ರಿ ವಾಲಿರುವುದರಿಂದ ಸೂರ್ಯ ಆರು ತಿಂಗಳು ಉತ್ತರಕ್ಕೂ ಆರು ತಿಂಗಳು ದಕ್ಷಿಣಕ್ಕೂ ಸರಿಯುತ್ತಾನೆ. ಹೀಗೆ ಹೋಗುವಾಗ ಒಮ್ಮೆ, ಮರಳುವಾಗ ಒಮ್ಮೆ ನಮ್ಮ ಊರಿನ ಅಕ್ಷಾಂಶವನ್ನು ದಾಟುತ್ತಾನೆ. ಕರ್ಕಾಟಕ ಸಂಕ್ರಾಂತಿ ವೃತ್ತದಿಂದ ಆಚೆಗಿರುವ ದೆಹಲಿಯವರಿಗೆ ಈ ಭಾಗ್ಯ ಎಂದೂ ಇಲ್ಲ.

ಗಡಿನಾಡ ಕನ್ನಡಿಗರ ಊರುಗಳು ತೆಂಕಣದಿಂದ ಬಡಗಣಕ್ಕೆ ಹರಡಿರುವುದರಿಂದ ಈ ದಿನ ಒಂದೂರಿನಿಂದ ಇನ್ನೊಂದೂರಿಗೆ ಮೆರವಣಿಗೆಯಂತೆ ಸಾಗುತ್ತದೆ. ಊಟಿಯಲ್ಲಿ ಏಪ್ರಿಲ್ 20ರ ಸುಮಾರಿಗೆ, ತಾಳವಾಡಿಯಲ್ಲಿ 21, ಕಾಸರಗೋಡಿನಲ್ಲಿ 23, ಹೊಸೂರಿನಲ್ಲಿ 24, ರಾಯದುರ್ಗದಲ್ಲಿ 30. ಆದೋನಿಗೆ ಮೇ 3, ಜತ್ತಕ್ಕೆ ಮೇ 8, ಅಕ್ಕಲಕೋಟೆ, ಸೊಲ್ಲಾಪುರಗಳಿಗೆ ಮೇ 10ರ ಹೊತ್ತಿಗೆ. ವರ್ಷದಿಂದ ವರ್ಷಕ್ಕೆ ಒಂದು ದಿನ ಆಚೀಚೆ ಆಗಬಹುದು. ಅಸ್ಟ್ರೊನಾಮಿಕಲ್ ಸೊಸೈಟಿ ಆಫ್ ಇಂಡಿಯಾದ ಜನಸಂಪರ್ಕ ಸಮಿತಿ ಈ ದಿನವನ್ನು ಶಾಲೆಗಳಿಗೆ ಪರಿಚಯಿಸುವ ಕೆಲಸ ಮಾಡಿದೆ.

ತೊಡಕಿರುವುದು ಬೇರೆ ಕಡೆ. ಏಪ್ರಿಲ್, ಮೇ ಎಂದರೆ ರಜೆ. ಕಾಸರಗೋಡಿನಲ್ಲಿ ಶಾಲೆಗೆ ಬೀಗ. ಆಗಸ್ಟ್ 19-20ಕ್ಕೆ ಸೂರ್ಯ ಮರಳಿ ಬರುವಾಗ ಶಾಲೆ ಇರುತ್ತದೆ, ಆದರೆ ಕರಾವಳಿಯಲ್ಲಿ ಮೋಡ. ಜಿಲ್ಲಾ ಕೇಂದ್ರದ ಕಾರ್ಯಕ್ರಮಗಳು ಸಹಜವಾಗಿಯೇ ಆಯಾ ರಾಜ್ಯದ ಭಾಷೆಯಲ್ಲಿ ನಡೆಯುತ್ತವೆ. ಕನ್ನಡ ಮಾಧ್ಯಮದ ಹುಡುಗಿಗೆ ಕರ್ಕಾಟಕ ಸಂಕ್ರಾಂತಿ ವೃತ್ತ ಗೊತ್ತು. ವೇದಿಕೆಯಲ್ಲಿ 'ಉತ್ತರಾಯನರೇಖ' ಎಂದು ಮಲಯಾಳದಲ್ಲಿ ಕೇಳಿದರೆ ಅವಳು ತಡವರಿಸುತ್ತಾಳೆ. ವಿಷಯ ಗೊತ್ತಿದ್ದೂ ಸುಮ್ಮನಾಗುವ ಮಕ್ಕಳು ಮುಂದೆ ವಿಜ್ಞಾನವೇ ತಮಗಲ್ಲ ಎಂದುಕೊಳ್ಳುತ್ತಾರೆ. ನೆರಳಿಗೆ ಭಾಷೆಯ ಹಂಗಿಲ್ಲ. ಊರಿನ ಕನ್ನಡ ಗ್ರಂಥಾಲಯವೋ ಯುವಕ ಸಂಘವೋ ರಜೆಯ ಶಿಬಿರದಲ್ಲಿ ಒಂದು ಗಂಟೆ ಬಿಡುವು ಮಾಡಿಕೊಂಡರೆ ಸಾಕು.

ಸಲಕರಣೆಯೂ ಸುಲಭ. ಸಮತಟ್ಟಾದ ನೆಲ, ಒಂದು ಮೀಟರ್ ಉದ್ದದ ಕೋಲು, ಅದು ನೆಟ್ಟಗಿದೆಯೇ ಎಂದು ನೋಡಲು ನೂಲಿಗೆ ಕಟ್ಟಿದ ಕಲ್ಲು, ಅಳತೆಪಟ್ಟಿ. ಗ್ರಹಣದ ದಿನ ಹಳ್ಳಿಗಳಲ್ಲಿ ತಟ್ಟೆಯ ನೀರಿನಲ್ಲಿ ನಿಲ್ಲಿಸುವ ಒನಕೆಯನ್ನೇ ಇಲ್ಲಿಗೂ ತರಬಹುದು. ಈ ಸಲ ಅದಕ್ಕೆ ನಿಜವಾದ ಕೆಲಸ! ಸೂರ್ಯನನ್ನು ಬರಿಗಣ್ಣಿನಿಂದ ನೋಡಕೂಡದು, ನೆಲವನ್ನು ನೋಡಿದರೆ ಸಾಕು. ಗಡಿಯಾರದ 12 ಗಂಟೆಯನ್ನು ನಂಬಬಾರದು. ಕಾಸರಗೋಡಿನಲ್ಲಿ ಏಪ್ರಿಲ್ 23ರ ನಡುಹಗಲು ಆಗುವುದು 12.28ರ ಸುಮಾರಿಗೆ. 12.10ರಿಂದಲೇ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಗುರುತು ಹಾಕುತ್ತಾ ಹೋಗಬೇಕು.

ನೋಡಿ ಚಪ್ಪಾಳೆ ತಟ್ಟಿದರೆ ಅರ್ಧ ಕೆಲಸವಷ್ಟೇ ಆಯಿತು. ಅದೇ ದಿನ ಸೊಲ್ಲಾಪುರದ ಕನ್ನಡ ಶಾಲೆಯ ಮಕ್ಕಳೂ ತಮ್ಮ ನಡುಹಗಲಿನಲ್ಲಿ ಒಂದು ಮೀಟರ್ ಕೋಲಿನ ನೆರಳು ಅಳೆಯಲಿ. ಅಲ್ಲಿ ಸುಮಾರು 9 ಸೆಂ.ಮೀ. ನೆರಳು ಇರುತ್ತದೆ. ಕೋಲು, ನೆರಳುಗಳನ್ನು ಕಾಗದದ ಮೇಲೆ ಅಳತೆಗೆ ತಕ್ಕಂತೆ ಬರೆದು ಕೋನಮಾಪಕ ಇಟ್ಟರೆ 5 ಡಿಗ್ರಿಗಿಂತ ತುಸು ಹೆಚ್ಚು ಬರುತ್ತದೆ. ಅದು ಪೂರ್ಣ ವೃತ್ತದ ಸುಮಾರು ಎಪ್ಪತ್ತನೇ ಒಂದು ಪಾಲು. ಎರಡೂ ಊರುಗಳ ನಡುವೆ ಉತ್ತರ-ದಕ್ಷಿಣವಾಗಿ (ರಸ್ತೆಯ ದೂರವಲ್ಲ) ಸುಮಾರು 570 ಕಿ.ಮೀ. ಅದನ್ನು 70ರಿಂದ ಗುಣಿಸಿದರೆ 39,900 ಕಿ.ಮೀ. ಭೂಮಿಯ ನಿಜವಾದ ಸುತ್ತಳತೆ ಸುಮಾರು 40,000 ಕಿ.ಮೀ. ಎರಡು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಎರಟೊಸ್ತನೀಸ್ ಮಾಡಿದ್ದೂ ಇದೇ ಲೆಕ್ಕ. ಅವನ ಎರಡು ಊರುಗಳು ಅಲೆಕ್ಸಾಂಡ್ರಿಯಾ ಮತ್ತು ಸೈಯೀನ್. ಆದರೆ ಅಳತೆಯಲ್ಲಿ ಎಚ್ಚರ ಬೇಕು: ನೆರಳು ಅರ್ಧ ಸೆಂ.ಮೀ. ತಪ್ಪಿದರೆ ಉತ್ತರ 2,000 ಕಿ.ಮೀ.ಗೂ ಹೆಚ್ಚು ಆಚೀಚೆಯಾಗುತ್ತದೆ. ಮೂರು ಮಕ್ಕಳು ಬೇರೆ ಬೇರೆ ಅಳೆದು ಸರಾಸರಿ ತೆಗೆಯುವುದು ಒಳ್ಳೆಯದು.

ಆಗಸ್ಟ್‌ನಲ್ಲಿ ಮೆರವಣಿಗೆ ದಕ್ಷಿಣಕ್ಕೆ ತಿರುಗುತ್ತದೆ. ಸೊಲ್ಲಾಪುರಕ್ಕೆ 2, ಆದೋನಿಗೆ 10, ರಾಯದುರ್ಗಕ್ಕೆ 13, ಹೊಸೂರಿಗೆ 19ರ ಸುಮಾರು. ಕರಾವಳಿಯಷ್ಟು ಮಳೆಯಿಲ್ಲದ ರಾಯದುರ್ಗ, ಮಡಕಶಿರಾ ಸೀಮೆಗೆ ಈ ಸರದಿಯೇ ಅನುಕೂಲ. ಮಡಕಶಿರಾದಲ್ಲಿ ಆ ದಿನ ಬೀಳುವುದು ಹೆಚ್ಚುಕಡಿಮೆ ಆಗಸ್ಟ್ 15ಕ್ಕೇ. ಧ್ವಜವಂದನೆ ಮುಗಿಸಿ ಸಿಹಿ ತಿಂದ ಮಕ್ಕಳನ್ನು 12.25ರವರೆಗೆ ಶಾಲೆಯಲ್ಲೇ ಇರಿಸಿಕೊಂಡರೆ, ಬಾವುಟದ ಕಂಬವೇ ಅಳತೆಗೋಲು.