ಬಾವಿಗೆ ಸೇರಿದ ಔಷಧಿ ಕುದಿಸಿದರೆ ಹೋಗದು

ಮೊದಲು ಒಂದು ಸಣ್ಣ ಲೆಕ್ಕ. 20 ಅಡಿ ಅಗಲದ ದುಂಡು ಬಾವಿಯಲ್ಲಿ 16 ಅಡಿ ನೀರು ನಿಂತಿದ್ದರೆ ಅದು ಸುಮಾರು 1 ಲಕ್ಷ 40 ಸಾವಿರ ಲೀಟರು. ಮೆಕ್ಕೆಜೋಳದ ಹೊಲಕ್ಕೆ ಹಾಕುವ ಕಳೆನಾಶಕ ಅಟ್ರಜಿನ್ ಒಂದೇ ಒಂದು ಗ್ರಾಂ ಈ ಬಾವಿಗೆ ಸೇರಿತೆನ್ನಿ. ಆಗ ಪ್ರತಿ ಲೀಟರಿನಲ್ಲಿ 7 ಮೈಕ್ರೋಗ್ರಾಂ ವಿಷ ಇರುತ್ತದೆ. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲೊಂದು ಪಾಲು. ಅಷ್ಟಕ್ಕೇ ಹೆದರಬೇಕೆ ಎಂದೀರಿ. ಕುಡಿಯುವ ನೀರಿಗಾಗಿ 2012ರಲ್ಲಿ ಪರಿಷ್ಕರಿಸಿದ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಅಟ್ರಜಿನ್ 2 ಮೈಕ್ರೋಗ್ರಾಂ ಮೀರಕೂಡದು. ಐರೋಪ್ಯ ದೇಶಗಳಲ್ಲಂತೂ ಸಾಮಾನ್ಯವಾಗಿ ಯಾವುದೇ ಒಂದು ಕೀಟನಾಶಕಕ್ಕೆ ಮಿತಿ 0.1 ಮೈಕ್ರೋಗ್ರಾಂ. ಶೇಕಡಾ 50ರ ಪುಡಿಯ ಅರ್ಧ ಕಿಲೋ ಪೊಟ್ಟಣದಲ್ಲಿ 250 ಗ್ರಾಂ ಅಟ್ರಜಿನ್ ಇರುತ್ತದೆ. ಪೊಟ್ಟಣ ಕೊಡವಿದ ಕೈಯನ್ನು ಬಾವಿಕಟ್ಟೆಯಲ್ಲಿ ತೊಳೆಯುವವರು ಈ ಲೆಕ್ಕವನ್ನು ಇನ್ನೊಮ್ಮೆ ಓದಬೇಕು.

ಇಂಥ ನೀರನ್ನು ಕುದಿಸಿದರೆ ಸರಿಹೋಗುತ್ತದೆ ಎಂಬ ನಂಬಿಕೆ ಊರೂರಲ್ಲಿದೆ. ಕುದಿಸಿದರೆ ಸಾಯುವುದು ರೋಗಾಣುಗಳು. ಔಷಧಿಯ ಬಹುಪಾಲು ಪಾತ್ರೆಯಲ್ಲೇ ಉಳಿಯುತ್ತದೆ. ನೀರು ಆವಿಯಾಗಿ ಕಡಿಮೆಯಾದಷ್ಟೂ ಉಳಿದ ನೀರಿನಲ್ಲಿ ವಿಷ ದಟ್ಟವಾಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಮರಳಿನ ಸೋಸುಕ, ಆಲಂ, ಇವುಗಳಿಗೂ ಮಿತಿಯಿದೆ. ಡಿಡಿಟಿಯಂಥ ಹಳೆಯ ಔಷಧಿಗಳು ಮಣ್ಣಿನ ಕಣಕ್ಕೆ ಅಂಟಿಕೊಳ್ಳುವುದರಿಂದ ರಾಡಿಯೊಂದಿಗೆ ಸ್ವಲ್ಪ ತಳಕ್ಕಿಳಿದಾವು. ಸಕ್ಕರೆಯ ಹಾಗೆ ಕರಗಿ ನಿಂತ ಅಟ್ರಜಿನ್‌ಗೆ ಆಲಂ ಏನೂ ಮಾಡದು. ನೀಲಿ ದೀಪದ ಯುವಿ ಯಂತ್ರವೂ ರೋಗಾಣುಗಳಿಗಷ್ಟೇ.

ಬ್ಲೀಚಿಂಗ್ ಪುಡಿಯ ಕಥೆ ಇನ್ನೂ ವಿಚಿತ್ರ. ಕ್ಲೋರ್‌ಪೈರಿಫಾಸ್, ಮೆಲಾಥಿಯಾನ್ ಗುಂಪಿನ ಔಷಧಿಗಳ ಮೇಲೆ ಕ್ಲೋರಿನ್ ಕೆಲಸ ಮಾಡಿದಾಗ ಅವು ಆಕ್ಸಾನ್ ಎಂಬ ರೂಪಕ್ಕೆ ತಿರುಗುತ್ತವೆ. ನರಗಳ ಮೇಲೆ ಮೂಲ ಔಷಧಿಗಿಂತ ಆಕ್ಸಾನೇ ಹೆಚ್ಚು ಕಠಿಣ. ಹಾಗೆಂದು ಕ್ಲೋರಿನ್ ಬಿಡಬೇಡಿ. ವಾಂತಿಭೇದಿ ಕಾಯುವುದಿಲ್ಲ. ಕ್ಲೋರಿನ್ ಎಲ್ಲಿ ಹಾಕಬೇಕು ಎಂಬುದಷ್ಟೇ ಪ್ರಶ್ನೆ; ಅದನ್ನು ಮುಂದೆ ಹೇಳುತ್ತೇನೆ.

ಇದ್ದಲಿನ ಮಹಿಮೆ

ಕೀಟನಾಶಕ ತೆಗೆಯಲು ಜಗತ್ತಿನಾದ್ಯಂತ ಹೆಚ್ಚು ನೆಚ್ಚಿಕೊಂಡಿರುವ ವಸ್ತು ನಮ್ಮ ತಿಪಟೂರು, ಅರಸೀಕೆರೆ ಕಡೆಯವರಿಗೆ ಹೊಸದಲ್ಲ: ತೆಂಗಿನ ಚಿಪ್ಪು. ಚಿಪ್ಪನ್ನು ಇದ್ದಲು ಮಾಡಿ, ಆಮೇಲೆ 800ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹಬೆ ಹಾಯಿಸಿದರೆ ಒಳಗೆಲ್ಲ ಕಣ್ಣಿಗೆ ಕಾಣದ ರಂಧ್ರಗಳು ತೆರೆದುಕೊಳ್ಳುತ್ತವೆ. ಇದೇ ಸಕ್ರಿಯ ಇಂಗಾಲ. ಇದರ ಒಂದು ಗ್ರಾಮಿನ ಒಳಮೈಯನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು 1000 ಚದರ ಮೀಟರು, ಅಂದರೆ ಹತ್ತು ಗುಂಟೆ ಜಮೀನಿನಷ್ಟು! ಅಷ್ಟು ಗೋಡೆಗೂ ಔಷಧಿಯ ಅಣುಗಳು ಅಂಟಿಕೊಳ್ಳುತ್ತವೆ. ಒಲೆಯ ಇದ್ದಲಿಗೆ ಈ ಶಕ್ತಿ ಬಂದಿರುವುದಿಲ್ಲ. ಅದನ್ನು ಮಡಕೆಗೆ ತುಂಬಿ ವಿಷ ಹೋಯಿತೆಂದು ನಂಬಬೇಡಿ.

ಅಮೆರಿಕದ ಮೆಕ್ಕೆಜೋಳದ ಸೀಮೆಯಲ್ಲಿ ಬಿತ್ತನೆಯ ನಂತರದ ಮಳೆಗೆ ಅಟ್ರಜಿನ್ ಹೊಳೆಗಳಿಗೆ ಇಳಿಯುತ್ತದೆ. ಆ ತಿಂಗಳುಗಳಲ್ಲಿ ಹೊಳೆ ನೀರು ಬಳಸುವ ಊರುಗಳ ಶುದ್ಧೀಕರಣ ಕೇಂದ್ರಗಳು ಇಂಗಾಲದ ಪುಡಿ ಬೆರೆಸುತ್ತವೆ. ವರ್ಷವಿಡೀ ಬೇಕಾದಲ್ಲಿ ಹರಳು ಇಂಗಾಲದ ತೊಟ್ಟಿ ಕಟ್ಟಿ, ನೀರು ಅದರಲ್ಲಿ ಹತ್ತಿಪ್ಪತ್ತು ನಿಮಿಷ ನಿಲ್ಲುವಂತೆ ನಿಧಾನ ಹರಿಸುತ್ತಾರೆ. ಅವಸರದ ನೀರಿನಲ್ಲಿ ಇಂಗಾಲಕ್ಕೆ ಹಿಡಿಯಲು ಸಮಯವೇ ಸಿಗದು. ಮೊದಲು ಆಲಂ, ಮರಳು, ಆಮೇಲೆ ಇಂಗಾಲ, ಕೊನೆಗೆ ಕ್ಲೋರಿನ್. ಇಂಗಾಲ ಕ್ಲೋರಿನ್ನನ್ನೂ ನುಂಗುವುದರಿಂದ ಈ ಕ್ರಮ ತಪ್ಪಿದರೆ ಎರಡೂ ಕೆಟ್ಟಂತೆ.

ಇಂಗಾಲದ ದೊಡ್ಡ ಕೊರತೆಯೊಂದಿದೆ. ಗೋಣಿ ತುಂಬಿದ ಮೇಲೆ ಧಾನ್ಯ ಹೊರಗೆ ಚೆಲ್ಲುವಂತೆ ರಂಧ್ರಗಳು ತುಂಬಿದ ಮೇಲೆ ವಿಷ ಹಾಗೆಯೇ ದಾಟಿ ಬರುತ್ತದೆ. ಆಗಲೂ ನೀರು ತಿಳಿಯಾಗಿಯೇ ಇರುತ್ತದೆ, ರುಚಿಯೂ ಬದಲಾಗದಿರಬಹುದು. ಆದ್ದರಿಂದ ಮನೆಯ ಯಂತ್ರವಿರಲಿ, ಪಂಚಾಯಿತಿಯ ಶುದ್ಧ ನೀರಿನ ಘಟಕವಿರಲಿ, ಇಂಗಾಲ ಬದಲಿಸಿದ್ದು ಯಾವ ತಿಂಗಳು ಎಂದು ಕೇಳಿ. ಈ ಪ್ರಶ್ನೆ ಗ್ರಾಮಸಭೆಯಲ್ಲಿ ಬಂದದ್ದು ಕಡಿಮೆ.

ಆರ್‌ಓ ಯಂತ್ರದ ಪೊರೆ ಹೆಚ್ಚಿನ ಔಷಧಿಗಳನ್ನು ತಡೆಯುತ್ತದೆ. ಆದರೆ ಒಂದು ಕೊಡ ಒಳ್ಳೆಯ ನೀರಿಗೆ ಎರಡು ಮೂರು ಕೊಡ ಹೊರಕ್ಕೆ ಬಿಡುತ್ತದೆ. ಮದರಾಸಿನ ಐಐಟಿಯಲ್ಲಿ ಪ್ರೊಫೆಸರ್ ಟಿ. ಪ್ರದೀಪ್ ಮತ್ತು ಸಂಗಡಿಗರು ಬೆಳ್ಳಿಯ ಅತಿಸೂಕ್ಷ್ಮ ಕಣಗಳಿಂದ ಎಂಡೋಸಲ್ಫಾನ್, ಕ್ಲೋರ್‌ಪೈರಿಫಾಸ್, ಮೆಲಾಥಿಯಾನ್ ಹಿಡಿಯುವ ವಿಧಾನ ಕಂಡುಹಿಡಿದರು. 2007ರಲ್ಲಿ ಅದು ಮನೆಯ ಸೋಸುಕವಾಗಿ ಮಾರುಕಟ್ಟೆಗೂ ಬಂತು. ಎಂಡೋಸಲ್ಫಾನನ್ನು ಸುಪ್ರೀಂ ಕೋರ್ಟು 2011ರ ಮೇ 13ರಂದು ತಡೆಹಿಡಿಯಿತು. ಆ ಹೆಸರು ಕೇಳಿದರೆ ಕಾಸರಗೋಡು, ಕೊಕ್ಕಡದ ಗೇರು ತೋಟಗಳ ನೆರೆಯವರಿಗೆ ಹೆಚ್ಚೇನೂ ವಿವರಿಸಬೇಕಿಲ್ಲ.

ಬಾವಿಯ ಹತ್ತಿರ

ಸಿಂಪರಣೆ ಯಂತ್ರಕ್ಕೆ ನೀರು ತುಂಬುವಾಗ ಪೈಪಿನ ತುದಿ ಔಷಧಿ ದ್ರಾವಣದಲ್ಲಿ ಮುಳುಗಿರಬಾರದು. ಪಂಪು ನಿಂತೊಡನೆ ದ್ರಾವಣ ಹಿಂದಕ್ಕೆ ಎಳೆದುಕೊಂಡು ಬಾವಿ ಸೇರೀತು. ಖಾಲಿ ಡಬ್ಬಿಯನ್ನು ಮೂರು ಸಲ ತೊಳೆದು, ಆ ನೀರನ್ನು ಅದೇ ಯಂತ್ರಕ್ಕೆ ಸುರಿದು ಹೊಲಕ್ಕೇ ಸಿಂಪಡಿಸಿ. ಡಬ್ಬಿಗೆ ತೂತು ಹೊಡೆದುಬಿಡಿ. ಕಟ್ಟೆಯಿಲ್ಲದ ಬಾವಿಗೆ ಹೊಲದ ಮಳೆನೀರು ನೇರ ನುಗ್ಗುತ್ತದೆ. ಒಂದು ಕಟ್ಟೆ, ಸುತ್ತ ಒಂದು ಬದು, ಯಾವ ಯಂತ್ರಕ್ಕಿಂತಲೂ ಅಗ್ಗ.

ಔಷಧಿ ಬಾವಿಗೆ ಬಿದ್ದೇಬಿಟ್ಟರೆ ಬ್ಲೀಚಿಂಗ್ ಪುಡಿ ಸುರಿಯಬೇಡಿ. ದನಕರುಗಳಿಗೂ ಆ ನೀರು ಕೊಡದೆ, ಪಂಚಾಯಿತಿಗೆ ತಿಳಿಸಿ ಬೇರೆ ನೀರು ತರಿಸಿಕೊಳ್ಳಿ. ಪಂಚಾಯಿತಿಯ ಸಣ್ಣ ಪೆಟ್ಟಿಗೆಯ ಪರೀಕ್ಷೆ ಫ್ಲೋರೈಡ್, ನೈಟ್ರೇಟ್, ಗಡಸುತನ ತೋರಿಸುತ್ತದೆಯೇ ಹೊರತು ಕೀಟನಾಶಕವನ್ನಲ್ಲ. ಗ್ಯಾಸ್ ಕ್ರೊಮಾಟೋಗ್ರಾಫ್ ಇರುವ ಪ್ರಯೋಗಾಲಯವೇ ಬೇಕು. ನೀರನ್ನು ಗಾಜಿನ ಸೀಸೆಯಲ್ಲಿ ತುಂಬಿ, ತಂಪಾಗಿಟ್ಟು ಬೇಗ ತಲುಪಿಸಿ. ಬಿದ್ದ ಔಷಧಿಯ ಹೆಸರನ್ನು ಚೀಟಿಯಲ್ಲಿ ಬರೆದು ಸೀಸೆಯ ಜೊತೆಗೇ ಕಳಿಸಿ.