ಗಾಜಿಗಿಂತ ಮೊದಲು ಸೂರು

ತಿಳಿಬಣ್ಣದ ಮರ, ಅಲಂಕಾರವಿಲ್ಲದ ಗೋಡೆ, ನೆಲದಿಂದ ಚಾವಣಿಯವರೆಗೆ ಗಾಜು. ಜಪಾನ್ ಮತ್ತು ಸ್ಕ್ಯಾಂಡಿನೇವಿಯಾದ ಮನೆಗಳನ್ನು ಬೆಸೆದ 'ಜಪಾಂಡಿ' ವಿಲ್ಲಾಗಳಿಗೆ ಪರಿಸರಸ್ನೇಹಿ ಎಂಬ ಹೆಸರೂ ಅಂಟಿಕೊಂಡಿದೆ. ಶಿವಮೊಗ್ಗದಲ್ಲೋ ಭದ್ರಾವತಿಯಲ್ಲೋ ಅಂಥದ್ದನ್ನು ಕಟ್ಟಿಸುವವರು ಮೊದಲು ಸೂರ್ಯನ ಎತ್ತರವನ್ನು ನೋಡಬೇಕು. ಸ್ಟಾಕ್‌ಹೋಮ್ ಇರುವುದು 59 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಡಿಸೆಂಬರ್ ಕೊನೆಯ ನಡುಮಧ್ಯಾಹ್ನವೂ ಅಲ್ಲಿ ಸೂರ್ಯ ದಿಗಂತದಿಂದ 7 ಡಿಗ್ರಿ ಮಾತ್ರ ಮೇಲೇರುತ್ತಾನೆ. ಆ ಬಡಕಲು ಬಿಸಿಲನ್ನು ಬಾಚಿ ಒಳಗೆ ತರಲು ದೊಡ್ಡ ಗಾಜು ಬೇಕೇ ಬೇಕು. ಶಿವಮೊಗ್ಗ 14ನೇ ಡಿಗ್ರಿಯ ಆಸುಪಾಸಿನಲ್ಲಿದೆ. ಅದೇ ದಿನ ಇಲ್ಲಿ ಸೂರ್ಯ 52 ಡಿಗ್ರಿಗೂ ಮೇಲಿರುತ್ತಾನೆ; ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ಮಧ್ಯದಲ್ಲಂತೂ ನೇರ ನೆತ್ತಿಗೇ ಬರುತ್ತಾನೆ. ಬೇಸಿಗೆಯ ಇಳಿಹೊತ್ತಿನಲ್ಲಿ ಪಡುವಣ ಗೋಡೆಯ ಪ್ರತಿ ಚದರ ಮೀಟರಿಗೆ 500 ವ್ಯಾಟ್‌ಗೂ ಹೆಚ್ಚು ಬಿಸಿಲು ಬೀಳಬಲ್ಲದು, ಸಾದಾ ಗಾಜು ಅದರಲ್ಲಿ ಸುಮಾರು ಶೇ. 80ರಷ್ಟನ್ನು ಒಳಗೆ ಬಿಡುತ್ತದೆ. ಹತ್ತು ಚದರ ಮೀಟರ್ ಗಾಜೆಂದರೆ 4 ಕಿಲೋವ್ಯಾಟ್ ಶಾಖ. ಅದನ್ನು ಹೊರಹಾಕಲು ಒಂದು ಟನ್ನಿನ ಏಸಿ ಸಾಲದು.

ಜಪಾನಿನ ಕಡೆಯಿಂದ ಬಂದ ಪಾಲು ಮಾತ್ರ ನಮಗೆ ನಿಜವಾಗಿ ಹತ್ತಿರದ್ದು. ಕ್ಯೋಟೋದ ಬೇಸಿಗೆ ಬೆವರಿನದು, ಜೂನ್-ಜುಲೈ ಮಳೆಯದು. ಅದಕ್ಕೇ ಅಲ್ಲಿನ ಹಳೆಯ ಮನೆಗಳಿಗೆ ಗೋಡೆಯಿಂದ ಬಹಳ ಮುಂದಕ್ಕೆ ಚಾಚಿದ ಸೂರು, ನೆಲದಿಂದ ಎತ್ತರಿಸಿದ ಮರದ ಹಾಸು, ಒಳಕ್ಕೂ ಹೊರಕ್ಕೂ ನಡುವೆ 'ಎಂಗಾವಾ' ಎಂಬ ಮೊಗಸಾಲೆ. ನಮ್ಮ ಜಗಲಿಯ ಕೆಲಸವನ್ನೇ ಅದು ಮಾಡುತ್ತದೆ. ಶಿವಮೊಗ್ಗದಲ್ಲಿ ತುಂಗೆಯ ಬಳಿ, ಈಗ ಸರ್ಕಾರಿ ವಸ್ತುಸಂಗ್ರಹಾಲಯವಾಗಿರುವ ಶಿವಪ್ಪ ನಾಯಕನ ಅರಮನೆಯ ಮರದ ಕಂಬಗಳ ನಡುವೆ ನಿಂತರೆ ಇದೇ ವಿವೇಕ ಕಾಣುತ್ತದೆ. ಮಲೆನಾಡಿನ ತೊಟ್ಟಿ ಮನೆಯಲ್ಲಿ ಅದು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ. ಹೆಂಚು ಕಾದು ಸುಡುತ್ತಿದ್ದರೂ ಅಟ್ಟದ ಗಾಳಿ, ಹಲಗೆಯ ಮುಚ್ಚಿಗೆ, ಅದರ ಮೇಲೆ ಬಳಿದ ಮಣ್ಣು ಒಂದಾದ ಮೇಲೊಂದು ಆ ಶಾಖವನ್ನು ತಡೆಯುತ್ತವೆ. ಬಿಸಿಗಾಳಿ ಹಗುರವಾಗಿ ತೊಟ್ಟಿಯಿಂದ ಮೇಲೆದ್ದಾಗ ಆ ಜಾಗಕ್ಕೆ ಜಗಲಿಯ ನೆರಳಿನ ತಂಪುಗಾಳಿ ನುಗ್ಗುತ್ತದೆ. ಶಾಖ ಸೋರದಂತೆ ಬಿಗಿಯಾಗಿ ಮುಚ್ಚಿದ ನಾರ್ಡಿಕ್ ಗೋಡೆಗಳ ಜಾಣ್ಮೆ ಚಳಿಗೆ ಸರಿ. ಏಸಿ ಇಲ್ಲದೆ ಆಷಾಢದ ತೇವದಲ್ಲಿ ಅದನ್ನು ಅನುಕರಿಸಿದರೆ ಬೂಷ್ಟು ಹಿಡಿಯುತ್ತದೆ.

ಇನ್ನು ಸಾಮಗ್ರಿ. ಬೆಂಕಿಪುರವೆಂಬ ಹಳೆಯ ಹೆಸರಿನ ಭದ್ರಾವತಿ ಇದರ ಪಾಠವನ್ನು ನೂರು ವರ್ಷದ ಹಿಂದೆಯೇ ಕಂಡ ಊರು. 1918ರಲ್ಲಿ ಕೈಗೆತ್ತಿಕೊಂಡು 1923ರಲ್ಲಿ ಉತ್ಪಾದನೆ ಶುರುಮಾಡಿದ ಮೈಸೂರು ಕಬ್ಬಿಣದ ಕಾರ್ಖಾನೆಗೆ ಅದಿರು ಕೆಮ್ಮಣ್ಣುಗುಂಡಿಯಿಂದ ಬಂತು, ಕುಲುಮೆಗೆ ಇದ್ದಿಲು ಮಲೆನಾಡಿನ ಕಾಡಿನ ಮರದಿಂದ. ಕಣ್ಣಿಗೆ ಬೀಳುವ ಕಂಬಿಯ ಹಿಂದೆ ಕಣ್ಣಿಗೆ ಬೀಳದ ಉರಿ ಇರುತ್ತದೆ. ಕಟ್ಟಡದ ಲೆಕ್ಕದಲ್ಲಿ ಅದನ್ನೇ ಅಂತರ್ಗತ ಶಕ್ತಿ ಎನ್ನುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಬಿ.ವಿ. ವೆಂಕಟರಾಮ ರೆಡ್ಡಿ ಮತ್ತು ಕೆ.ಎಸ್. ಜಗದೀಶ್ 2003ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸ್ವಲ್ಪ ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಬ್ಲಾಕಿಗೆ ಸುಟ್ಟ ಇಟ್ಟಿಗೆಗೆ ಬೇಕಾಗುವ ಶಕ್ತಿಯ ಕಾಲುಭಾಗ ಸಾಕು. ಹೀಗಿರುವಾಗ ಸಾವಿರಾರು ಕಿಲೋಮೀಟರ್ ದಾಟಿ ಬಂದ ಪೈನ್ ಹಲಗೆಯನ್ನು ಗೋಡೆಗೆ ಹೊದಿಸಿ ಅದನ್ನು ಹಸಿರು ಮನೆ ಎನ್ನುವುದು ನನಗೆ ಒಪ್ಪಿಗೆಯಿಲ್ಲ.

ಹಳೆಯ ಮನೆಗಳು ಕತ್ತಲು, ಮಣ್ಣಿನ ಗೋಡೆಗೆ ಗೆದ್ದಲು, ತೊಟ್ಟಿ ಮನೆಗೆ ಬೇಕಾದ ಬೀಟೆ-ಸಾಗುವಾನಿ ಈಗೆಲ್ಲಿದೆ ಎಂದು ಯಾರಾದರೂ ಕೇಳಿದರೆ ಮೂರೂ ನ್ಯಾಯವಾದ ಮಾತುಗಳೇ. ಅಷ್ಟು ಮರವನ್ನು ಇಂದು ಕಾಡಿನಿಂದ ಕೇಳುವ ಹಕ್ಕು ಯಾರಿಗೂ ಇಲ್ಲ. ಆದರೆ ತೊಟ್ಟಿ ಮನೆಯಿಂದ ನಾವು ಪಡೆಯಬೇಕಾದದ್ದು ಅದರ ಅಳತೆ, ದಿಕ್ಕು. ಕಂಬ ಯಾವುದಾದರೂ ಆದೀತು. ಗೆದ್ದಲಿಗೆ ಕಲ್ಲಿನ ಎತ್ತರದ ಅಡಿಪಾಯವಿದೆ, ಇರಚಲಿಗೆ ಮೂರಡಿ ಚಾಚಿದ ಮಾಡು ಇದೆ; ಆ ಮಾಡೇ ದಕ್ಷಿಣದ ಕಿಟಕಿಗೂ ನೆರಳಾಗುತ್ತದೆ. ಬೆಳಕು ಬೇಕಾದವರು ಉತ್ತರಕ್ಕೆ ಧಾರಾಳವಾಗಿ ಗಾಜು ಇಡಲಿ, ಅಲ್ಲಿ ನೇರ ಬಿಸಿಲು ತಾಗುವುದು ಕಡಿಮೆ. ಪಡುವಣಕ್ಕೆ ಬಚ್ಚಲು, ಉಗ್ರಾಣ, ಮೆಟ್ಟಿಲು ಬರಲಿ. ಅವುಗಳ ದಪ್ಪ ಗೋಡೆ ಇಳಿಹೊತ್ತಿನ ಬಿಸಿಲನ್ನೆಲ್ಲ ತಾನೇ ತಿಂದು, ಮನೆಯವರು ಕೂರುವ ಕೋಣೆಗೆ ತಟ್ಟಗೊಡುವುದಿಲ್ಲ.